ಹುಬ್ಬು ಗಂಟಿಕ್ಕಿದ ಕುಳ್ಳರು

ನನ್ನ ಬಳಿ ಮೂವತ್ತೊಂದು ಪ್ಲಾಸ್ಟಿಕ್ ಮನುಷ್ಯರಿದ್ದರು. ಈಗ ಮೂವತ್ತು. ನಾಲ್ಕನೇ ಕ್ಲಾಸಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಅವರ ಪಟ್ಟಿ ಇಟ್ಟಿದ್ದೇನೆ: ನಂಬರು, ಬಂದ ದಿನ, ಬಣ್ಣ, ಏನು ಮುರಿದಿದೆ. ಹದಿನೈದು ವರ್ಷಕ್ಕೂ ಮೇಲಾಯಿತು, ಒಂದು ನಂಬರನ್ನೂ ನಾನು ಹೊಡೆದುಹಾಕಿರಲಿಲ್ಲ.

ಇವರನ್ನು ನಾವು ಕುಳ್ಳರು ಎನ್ನುತ್ತಿದ್ದೆವು. ಎತ್ತರ ಬೆರಳಿನ ಎರಡು ಗೆಣ್ಣಿನಷ್ಟು. ತಲೆ, ಮೈ, ಕಾಲು ಮೂರೂ ಬೇರೆ ಬೇರೆ. ಒತ್ತಿ ಕೂಡಿಸಿದರೆ ಒಬ್ಬ ಕುಳ್ಳ. ಅಪ್ಪ ಅಮ್ಮ ಆಗ ನರಸಿಂಹರಾಜಪುರದ ಹತ್ತಿರ ಎಸ್ಟೇಟೊಂದರಲ್ಲಿ ಕೂಲಿಗೆ ಹೋಗುತ್ತಿದ್ದರು. ಬಟವಾಡೆಯ ಮರುದಿನ ಪೇಟೆಗೆ ಹೋದಾಗ ನನಗೂ ಅಕ್ಕನಿಗೂ ಬಸ್‌ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಅಂಗಡಿಗೆ ನುಗ್ಗಲು ಅಪ್ಪಣೆ ಇತ್ತು. ಅಂಗಡಿಯವರನ್ನು ಊರಿನ ಮಕ್ಕಳೆಲ್ಲ ಕಾಕಾ ಎಂದೇ ಕರೆಯುತ್ತಿದ್ದುದು. ಅವರಿಗೆ ಕುಳ್ಳರು ಬರುತ್ತಿದ್ದುದು ಚೀಲದಲ್ಲಿ, ಅದೂ ಯಾವುದೋ ದೊಡ್ಡ ಕಂಪನಿಯದರ ನಕಲಿ ಮಾಲು. ದಾರಿಯಲ್ಲಿ ಬಸ್ಸಿನ ಕುಲುಕಾಟಕ್ಕೆ ಎಲ್ಲರೂ ಬಿಚ್ಚಿಕೊಂಡಿರುತ್ತಿದ್ದರು. ಜೋಡಿಸಿ ಮಾರಲು ಕಾಕಾನಿಗೆ ಪುರುಸೊತ್ತಿರಲಿಲ್ಲ. ಮೂರು ಬಿಸ್ಕತ್ತಿನ ಡಬ್ಬ ಇಟ್ಟಿದ್ದರು: ಒಂದರಲ್ಲಿ ತಲೆ, ಒಂದರಲ್ಲಿ ಮೈ, ಒಂದರಲ್ಲಿ ಕಾಲು. ಕೈ ಹಾಕು, ಆರಿಸು, ಜೋಡಿಸಿಕೋ. ಕಾಲು ಸಡಿಲವಿದ್ದರೆ ಬದಲಿಸಿಕೊಡುತ್ತಿದ್ದರು. ತಲೆಯನ್ನು ಯಾರೂ ಬದಲಿಸಿ ಕೇಳುತ್ತಿರಲಿಲ್ಲ. ಎಲ್ಲ ತಲೆಯೂ ಒಂದೇ: ಹಳದಿ ಗುಂಡು, ಎರಡು ಚುಕ್ಕೆ, ಕೆಳಗೆ ಒಂದು ಬಾಗಿದ ಗೆರೆ.

ಆ ಗೆರೆ ನಗುವೇ ಎಂದರೆ ನಗು. ಬೈಸಿಕೊಂಡು ಸುಮ್ಮನೆ ನಿಂತವನ ಬಾಯಿಯೇ ಎಂದರೆ ಅದೂ ಹೌದು. ಹಾಗಾಗಿ ನಮ್ಮ ಕುಳ್ಳರು ಏನು ಬೇಕಾದರೂ ಆದರು. ತಲೆಗೆ ಹಾಳೆಯ ಚೂರು ಅಂಟಿಸಿದರೆ ತೋಟದ ಆಳು. ಕೈಗೆ ಬೆಂಕಿಕಡ್ಡಿ ಸಿಕ್ಕಿಸಿದರೆ ಕೋಲು ಹಿಡಿದ ಮೇಸ್ತ್ರಿ. ಆ ಕೈಯಂತೂ ಕೊಕ್ಕೆಯ ಹಾಗೆ ಬಾಗಿದ್ದು, ಬೆಂಕಿಕಡ್ಡಿಗೆ ಅಳತೆ ತೆಗೆದು ಮಾಡಿದಂತಿತ್ತು.

ಇಷ್ಟು ಹೇಳಿದ್ದು ಈಗಿನ ಕುಳ್ಳರ ಮೇಲೆ ನನಗೇಕೆ ಇಷ್ಟು ಅಸಹ್ಯ ಎಂದು ತಿಳಿಯಲಿ ಎಂದು.

ಅಕ್ಕ ಈಗ ಶೃಂಗೇರಿಯ ಆಚೆ, ಮೆಣಸೆಯ ಕಡೆಗೆ ಇದ್ದಾಳೆ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ಮಗಳು ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ನಾನು ಕೊಪ್ಪದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಮುಂದೆ ಕೂರುವವಳು. ತಿಂಗಳಿಗೆ ಎರಡು ಭಾನುವಾರ ಅಕ್ಕನ ಮನೆಗೆ ಹೋಗುತ್ತೇನೆ. ಹೋದ ತಿಂಗಳ ಮೊದಲ ಭಾನುವಾರ ಹೋದಾಗ ಮಗು ಮಾತಾಡಲಿಲ್ಲ. ಕೇಳಿ ಕೇಳಿ ವಿಷಯ ಹೊರಬಂತು.

ಅವರ ಕ್ಲಾಸಿನಲ್ಲಿ ಥರ್ಮಾಕೋಲಿನಿಂದ ‘ನಮ್ಮ ಶಾಲೆ’ ಎಂಬ ಮಾದರಿ ಮಾಡುತ್ತಿದ್ದಾರೆ. ಯಾರ್‍ಯಾರ ಬಳಿ ಪುಟ್ಟ ಬೊಂಬೆ ಇದೆಯೋ ಅವರು ತಂದು ಮೇಷ್ಟ್ರು, ಮಕ್ಕಳು ಎಂದು ನಿಲ್ಲಿಸಬೇಕು. ಅಡುಗೆಮನೆಯ ಪಾಲು ಇವಳದು. ಇವಳ ಹತ್ತಿರ ಇದ್ದ ಒಬ್ಬನೇ ಕುಳ್ಳ ಯಾರದೋ ಹುಟ್ಟುಹಬ್ಬದಲ್ಲಿ ಸಿಕ್ಕಿದ್ದು: ಮೈಯೆಲ್ಲ ಕಪ್ಪು, ಹುಬ್ಬು ಗಂಟು, ಕೆನ್ನೆಗೆ ಗಾಯದ ಗೆರೆ, ಕೈಯಲ್ಲಿ ಕತ್ತಿ. ಕತ್ತಿ ಬಿಚ್ಚಲು ಬರುವುದಿಲ್ಲ. ಕೈಗೂ ಕತ್ತಿಗೂ ಒಂದೇ ಎರಕ. ಬೇರೆ ಇಲ್ಲದೆ ಅವನನ್ನೇ ಅನ್ನದ ಪಾತ್ರೆಯ ಮುಂದೆ ನಿಲ್ಲಿಸಿದ್ದಾಳೆ. ಪಕ್ಕದ ಬೆಂಚಿನ ಹುಡುಗ ನೋಡಿ, “ಏ, ನಿಮ್ಮಮ್ಮ ಬೇಳೆ ಬೇಯಿಸ್ತಾಳಾ, ಕಡಿತಾಳಾ?” ಅಂದನಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸಾಲಿಗೆ ಸಾಲೇ “ಕತ್ತಿ ಆಂಟಿ, ಇನ್ನೊಂಚೂರು ಸಾರು!” ಎಂದು ಕೂಗಿತಂತೆ.

ಅಕ್ಕ ನಕ್ಕು ಬಡಿಸಿದ್ದಾಳೆ. ಮಗಳು ಮಾತ್ರ ಮರುದಿನವೇ ಟೀಚರ ಹತ್ತಿರ ಹೋಗಿ, ಅಡುಗೆಮನೆಯಲ್ಲಿ ಯಾರೂ ಬೇಡ, ಪಾತ್ರೆ ಸಾಕು ಎಂದಿದ್ದಾಳೆ.

“ಶನಿವಾರ ಎಲ್ರ ಅಪ್ಪ ಅಮ್ಮನೂ ನೋಡೋಕೆ ಬತ್ತಾರೆ ಚಿಕ್ಕಿ,” ಅಂದಳು. “ಅಮ್ಮ ಬಂದ್ರೆ ಅಡುಗೆಮನೇಲಿ ಅಮ್ಮನೇ ಇಲ್ಲ.”

“ಒಂದು ಒಳ್ಳೆ ಕುಳ್ಳನ್ನ ತಂದ್ರೆ ಆಯ್ತಲ್ಲ?”

“ಅಂಟಿಸ್ತಾರೆ. ಆಮೇಲೆ ಶೃಂಗೇರಿಗೆ ಸ್ಪರ್ಧೆಗೆ ತಗೊಂಡು ಹೋಗ್ಬೇಕಂತೆ, ಅಲ್ಲಾಡ್ಬಾರ್ದಂತೆ. ವಾಪಸ್ ಬರಲ್ಲ.” ಮಗು ನನ್ನ ಮುಖವನ್ನೇ ನೋಡುತ್ತಿತ್ತು. ನನ್ನ ಡಬ್ಬದ ವಿಷಯ ಅವಳಿಗೆ ಗೊತ್ತು. ಮುಟ್ಟಬಾರದು ಎಂಬುದೂ ಗೊತ್ತು.

ಹೊಸದು ತರುತ್ತೇನೆ ಎಂದು ಮಾತು ಕೊಟ್ಟು ಬಸ್ಸು ಹತ್ತಿದೆ. ನನ್ನ ಮೂವತ್ತೊಂದರಲ್ಲಿ ಒಂದನ್ನು ಕೊಡಬಹುದೆಂಬ ಯೋಚನೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ಗೋಂದಿನ ಬಾಟಲಿ ಕಣ್ಣ ಮುಂದೆ ಬಂದು ಹೋಯಿತು.

ಸೋಮವಾರ, ಕೊಪ್ಪ. ಕೆಲಸ ಮುಗಿಸಿ ಎರಡು ಅಂಗಡಿ. ಡೈರಿಯ ಲೆಕ್ಕ ಹೀಗಿದೆ: ನೋಡಿದ ಕುಳ್ಳರು ಹತ್ತೊಂಬತ್ತು, ಹುಬ್ಬು ಗಂಟಿಕ್ಕಿದವರು ಹದಿನಾರು, ಬಾಯಿಯ ಒಂದೇ ತುದಿಯಲ್ಲಿ ನಗುವವರು ಇಬ್ಬರು, ಅಸ್ಥಿಪಂಜರ ಒಂದು. ಸುಮ್ಮನೆ ನಿಂತವರು ಯಾರೂ ಇಲ್ಲ. ಆ ಒಂದೇ ತುದಿಯ ನಗುವಿನಷ್ಟು ಮೈ ಉರಿಸುವ ವಸ್ತುವನ್ನು ನಾನು ಬೇರೆ ನೋಡಿಲ್ಲ. ಹೆಬ್ಬೆರಳಿಗಿಂತ ಕುಳ್ಳಗಿರುವವನಿಗೆ ಯಾತರ ಗತ್ತು? ಹೊಟ್ಟೆಯ ಮೇಲೆ ಆರು ಗಂಟು ಮಾಂಸ ಪ್ರಿಂಟ್ ಮಾಡಿದ್ದಾರೆ. ಹಿಂದೆ ತಿರುಗಿಸಿದರೆ ಬೆನ್ನ ಮೇಲೂ ಮಾಂಸ. ಒಬ್ಬನ ತಲೆ ತಿರುಗಿಸಿದೆ. ಹಿಂಭಾಗದಲ್ಲಿ ಇನ್ನೊಂದು ಮುಖ, ಮುಂದಿನದಕ್ಕಿಂತ ಹೆಚ್ಚು ಸಿಟ್ಟಿನದು. ಒಂದು ಸಿಟ್ಟು ಸಾಲದು ಎಂದು ಬದಲಿ ಸಿಟ್ಟನ್ನೂ ಕೊಟ್ಟು ಕಳಿಸಿದ್ದಾರೆ.

“ಹೆಂಗಸರದ್ದು ಇಲ್ವಾ?” ಎಂದು ಕೇಳಿದೆ.

“ಹುಡುಗೀರ್ದು ಬೇರೆ ಬಾಕ್ಸ್ ಬರುತ್ತೆ ಮೇಡಂ,” ಎಂದು ಅಂಗಡಿಯಾತ ಗುಲಾಬಿ ಡಬ್ಬ ಇಳಿಸಿದ. ಅದರೊಳಗೆ ಮೂವರು. ಮೂವರಿಗೂ ರೆಪ್ಪೆ ಹುಬ್ಬಿನವರೆಗೆ, ಲಿಪ್‌ಸ್ಟಿಕ್ಕು, ಸೊಂಟ ಸಣ್ಣ ಕಾಣಲೆಂದು ಅಂಗಿಯ ಮೇಲೆ ಎರಡು ಬಾಗಿದ ಗೆರೆ. ಇವರಲ್ಲಿ ಯಾರೇ ಆದರೂ ನೂರು ಮಕ್ಕಳಿಗೆ ಅನ್ನ ಬಸಿಯುವುದಿರಲಿ, ಒಂದು ಲೋಟ ಎತ್ತಿಟ್ಟರೂ ಪುಣ್ಯ. ಅಲ್ಲಿಯೇ ಬಿಟ್ಟು ಬಂದೆ.

ಬುಧವಾರ, ನರಸಿಂಹರಾಜಪುರ. ಅರ್ಧ ದಿನ ರಜೆ ಹಾಕಿ ಹೋದೆ. ಕಾಕಾ ಇದ್ದಾರೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ.

“ಎಂತ ಮಾರಾಯ್ತಿ, ದಾರಿ ತಪ್ಪಿ ಬಂದ್ಯಾ? ಪಟ್ಟಿ ಬರ್‍ಕೊಳ್ಳೋ ಹುಡುಗಿ ಅಲ್ದಾ ನೀನು?”

ನಾನು ಮೂರು ಡಬ್ಬಗಳನ್ನು ಕೇಳಿದೆ. ಕಾಕಾ ಗಲ್ಲಾದ ಮೇಲೆ ನೇತಾಡುತ್ತಿದ್ದ ಬೆಳ್ಳಿಬಣ್ಣದ ಪ್ಯಾಕೆಟ್ಟುಗಳ ಸರ ತೋರಿಸಿದರು. “ಈಗ ಇದೇ. ಒಳಗೆ ಯಾರು ಇದ್ದಾನೆ ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಒಡೆದ ಮೇಲೆ ವಾಪಸ್ ಇಲ್ಲ.”

“ಆರಿಸೋ ಹಾಗೇ ಇಲ್ವಾ ಕಾಕಾ?”

“ಆರಿಸಿದ್ರೆ ನಾಕು ತಗೊಳ್ಳೋರು ಒಂದೇ ತಗೋತಾರಲ್ಲ. ಈಗಿನ ಮಕ್ಳು ಹೊರಗಿಂದ ಹಿಂಡಿ ಹಿಂಡಿ ನೋಡ್ತವೆ, ಹಲಸಿನ ಹಣ್ಣು ಹಣ್ಣಾಯ್ತಾ ಅಂತ ನೋಡಿದ ಹಾಗೆ.”

ನಾಲ್ಕು ಒಡೆದೆ. ನಾಲ್ಕೂ ಹುಬ್ಬು ಗಂಟು. ಅದರಲ್ಲಿ ಇಬ್ಬರು ಒಂದೇ ಅಚ್ಚಿನವರು. ಎರಡನೆಯ ಅವಳಿ ಹೊರಬಂದಾಗ ಕಾಕಾ ಕನ್ನಡಕ ಮೇಲೇರಿಸಿ ಅವನನ್ನು ಬೆಳಕಿಗೆ ಹಿಡಿದರು. “ಇವ್ನ ಹೆಂಡ್ತಿ ಮಕ್ಳು ಎಂತ ಪಾಡು ಪಡ್ತಾರೋ,” ಅಂದರು.

ಮೂರು ಡಬ್ಬ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ಒಂದನ್ನು ತೋರಿಸಿದರು. ತಲೆಗಳಿದ್ದ ಡಬ್ಬದಲ್ಲಿ ಈಗ ಮೊಬೈಲಿನ ಹಳೇ ಚಾರ್ಜರುಗಳು.

ಶುಕ್ರವಾರ, ಶೃಂಗೇರಿ. ಇಳಿದವಳೇ ದೇವಸ್ಥಾನದ ದಾರಿಯ ಆಟಿಕೆ ಅಂಗಡಿಗಳನ್ನು ಒಂದು ತುದಿಯಿಂದ ಹುಡುಕಿದೆ. ಐದು ಅಂಗಡಿ, ಇಪ್ಪತ್ತೆಂಟು ಕುಳ್ಳರು. ಹೆಚ್ಚಿನವರಿಗೆ ಅದೇ ಕತ್ತಿ, ಅದೇ ಮಾಂಸ. ಪ್ಲಾಸ್ಟಿಕ್ಕಿನ ಪುಟ್ಟ ದೇವರುಗಳಿಗೂ ಈಗ ಜಿಮ್ಮಿನ ಹೊಟ್ಟೆ ಬಂದಿದೆ. ವರ ಕೊಡುವ ಕೈ ನೋಡಿದರೆ ಕೆನ್ನೆಗೆ ಬಾರಿಸಲು ಎತ್ತಿದಂತಿದೆ. ಕೊನೆಗೆ ಕೈಯಲ್ಲಿ ಏನೂ ಇಲ್ಲದ ಒಬ್ಬನನ್ನು ಕೊಂಡೆ. ಮುಖ ಕೆಟ್ಟದ್ದೇ. ಆದರೆ ಮುಖ ಬರೀ ಪ್ರಿಂಟು, ಅಳಿಸಬಹುದು ಎಂದು ಲೆಕ್ಕ ಹಾಕಿ, ಉಗುರುಬಣ್ಣ ತೆಗೆಯುವ ದ್ರಾವಣದ ಒಂದು ಸಣ್ಣ ಬಾಟಲಿಯನ್ನೂ ಕೊಂಡೆ. ನನ್ನ ಡಬ್ಬ, ನೋಟ್‌ಬುಕ್ಕು ಬೆಳಿಗ್ಗೆಯೇ ಚೀಲದಲ್ಲಿದ್ದವು. ಹೊಸಬನ ಕೈ ಹಳಬರ ಕೈಯಷ್ಟೇ ಅಗಲವೇ, ಬೆಂಕಿಕಡ್ಡಿಯ ಸೌಟು ನಿಲ್ಲುತ್ತದೆಯೇ ಎಂದು ಅಳತೆ ನೋಡಲು ತಂದದ್ದು. ಅಷ್ಟಕ್ಕೇ.

ಸಂಜೆ ಅಕ್ಕನ ಮನೆಯ ಜಗಲಿಯಲ್ಲಿ ಮಗು, ನಾನು, ಹತ್ತಿ, ಬಾಟಲಿ. ಒಂದು ಸಲ ಒರೆಸಿದೆ. ಎಡ ಹುಬ್ಬು ಹೋಯಿತು. ಮಗು ಚಪ್ಪಾಳೆ ತಟ್ಟಿತು. ಎರಡನೇ ಸಲ ಹತ್ತಿ ಮುಖಕ್ಕೇ ಅಂಟಿಕೊಂಡಿತು. ಕಿತ್ತರೆ ಮೂಗಿನ ಜಾಗ ಕರಗಿ ಗಲ್ಲಕ್ಕೆ ಇಳಿದಿತ್ತು. ಪ್ಲಾಸ್ಟಿಕ್ಕಿಗೆ ಆ ದ್ರಾವಣ ಆಗದು ಎಂದು ನನಗೆ ತಿಳಿಯಬೇಕಿತ್ತು. ಇಸ್ತ್ರಿಪೆಟ್ಟಿಗೆಯಡಿ ಮರೆತ ಬಟ್ಟೆಯಂತೆ ಮುದುಡಿದ, ಒಂದೇ ಹುಬ್ಬಿನ ಆ ಮುಖ ನಮ್ಮನ್ನು ನೋಡಿತು.

ಅಕ್ಕ ಒಳಗಿನಿಂದ ಬಂದು ಬಗ್ಗಿ ನೋಡಿ, “ಅಯ್ಯ, ಯಾರಿಗೆ ಪಾರ್ಶ್ವವಾಯು?” ಅಂದಳು. ನಾಳೆಯ ತರಕಾರಿ ಹೆಚ್ಚುವುದಿತ್ತು, ಹೋದಳು. ಅಡುಗೆಮನೆಯಲ್ಲಿ ಯಾರೂ ಬೇಡ ಎಂದು ಮಗಳು ಹೇಳಿದ್ದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಮಗು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ನಾನು ತಪ್ಪಿಸಿಕೊಳ್ಳಬಹುದಿತ್ತು. “ಇರ್ಲಿ ಚಿಕ್ಕಿ, ಪಾತ್ರೆ ಸಾಕು,” ಎಂದು ನನ್ನ ನೋಟ್‌ಬುಕ್ಕು ಎತ್ತಿಕೊಂಡಳು. ಡಬ್ಬ ಮುಟ್ಟಬಾರದು ಎಂದಿದ್ದೆ. ನೋಟ್‌ಬುಕ್ಕಿನ ಬಗ್ಗೆ ಏನೂ ಹೇಳಿರಲಿಲ್ಲ. ನನ್ನ ನಾಲ್ಕನೇ ಕ್ಲಾಸಿನ ಗುಂಡು ಅಕ್ಷರ ಓದಲು ಅವಳಿಗೆ ಕಷ್ಟವಿರಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. “ಮೂರು, ಮೇಸ್ತ್ರಿ, ಕಾಲು ಸಡಿಲ. ಏಳು, ಕಂಡಕ್ಟರ್, ತಲೆ ನಾಯಿ ಕಚ್ಚಿದೆ.” ನಾವು ಒಬ್ಬೊಬ್ಬರಿಗೂ ಕೆಲಸ ಕೊಟ್ಟಿದ್ದು ನನಗೆ ನೆನಪಿತ್ತು. ಯಾರಿಗೆ ಯಾವುದು ಎಂಬುದು ಮರೆತಿತ್ತು.

“ಹನ್ನೆರಡು,” ಎಂಬಲ್ಲಿ ಮಗುವಿನ ಬೆರಳು ನಿಂತಿತು. “ಹಳದಿ ತಲೆ, ನೀಲಿ ಮೈ, ಕೆಂಪು ಕಾಲು. ಅಕ್ಕ. ಮಾತು ಕೇಳುವುದಿಲ್ಲ.”

ಆಮೇಲೆ ತಲೆ ಎತ್ತಿ ಕೇಳಿದಳು. “ಅಕ್ಕ ಅಂದ್ರೆ ಅಮ್ಮ ಅಲ್ದಾ ಚಿಕ್ಕಿ?”

ವಾರವಿಡೀ ಮೂರು ಪೇಟೆ ಅಲೆದು ಐವತ್ತಕ್ಕೂ ಹೆಚ್ಚು ಮುಖಗಳನ್ನು ತೆಗಳಿ ಬರೆದಿದ್ದೆ. ಬೇಕಾದವಳು ನನ್ನ ಚೀಲದಲ್ಲೇ ಕೊಪ್ಪದಿಂದ ಟಿಕೆಟ್ಟಿಲ್ಲದೆ ಬಂದಿದ್ದಳು. ಡಬ್ಬ ತೆಗೆದು ಹನ್ನೆರಡನ್ನು ಅವಳ ಅಂಗೈಯಲ್ಲಿಟ್ಟೆ. ಬಿಸಿಯೂಟದವರು ಬಿಳಿ ಟೋಪಿ ಹಾಕಬೇಕು ಎಂಬ ನಿಯಮ. ಕಾಗದ ಕತ್ತರಿಸಿ ಟೋಪಿ ಮಾಡಿದೆವು. ಬೆಂಕಿಕಡ್ಡಿ ಕೈಗೆ ಒಂದೇ ಒತ್ತಿಗೆ ಕೂತಿತು. ತುದಿಗೆ ಮೇಣದ ಉಂಡೆ ಅಂಟಿಸಿದರೆ ಸೌಟು.

ಶನಿವಾರ ನಾನೂ ಶಾಲೆಗೆ ಹೋದೆ. ಟೀಚರು ನನ್ನ ಕಣ್ಣೆದುರೇ ಹನ್ನೆರಡರ ಕಾಲಿನಡಿಗೆ ಗೋಂದು ಹಚ್ಚಿ ಒತ್ತಿದರು. ನಾನು ಕಿಟಕಿಯ ಆಚೆ ನೋಡಿದೆ. ಪಕ್ಕದ ಬೆಂಚಿನ ಅದೇ ಹುಡುಗ ಬಂದ, ಬಗ್ಗಿದ.

“ಏ, ನಿಮ್ಮಮ್ಮಂಗೆ ಕಾಮಾಲೆ!”

“ಅರಿಶಿನ ಕಣೋ,” ಅಂದಳು ನಮ್ಮವಳು, ಅವನ ಕಡೆ ನೋಡದೆಯೇ. “ನಿನ್ನೆ ಶುಕ್ರವಾರ. ನಿಮ್ಮನೇಲಿ ಹಚ್ಚಲ್ವಾ?” ಹಿಂದೆ ನಿಂತಿದ್ದ ಅವನ ತಾಯಿಯೇ ನಕ್ಕುಬಿಟ್ಟರು. ಅವನು ತಂದು ನಿಲ್ಲಿಸಿದ್ದ ಮೇಷ್ಟ್ರ ಕೈಯಲ್ಲಿ ಕೊಡಲಿ ಇತ್ತು. ಎರಡನೆಯ ಕ್ಲಾಸಿನ ಮಕ್ಕಳು ಅದನ್ನು ತೋರಿಸಿ ಪಿಸುಗುಟ್ಟುತ್ತಿದ್ದರು.

ಅಕ್ಕ ಪಾತ್ರೆ ತೊಳೆದ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದಳು. ಥರ್ಮಾಕೋಲಿನ ಅಡುಗೆಮನೆಗೆ ಬಗ್ಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇದು ಆ ಹನ್ನೆರಡು ಅಲ್ದಾ? ಒಂದು ದಿನ ಹಿಡ್ಕೊಳ್ತೀನಿ ಅಂದ್ರೆ ಕೊಟ್ಟೋಳಲ್ಲ ನೀನು. ಬರ್‍ಕೊಂಡಾಗಿದೆ, ಮುಟ್ಬೇಡ ಅಂತಿದ್ದೆ.”

“ಈಗ ಅಂಟಿಸಿ ಕೊಟ್ಟೆನಲ್ಲ,” ಅಂದೆ.

“ದೊಡ್ಡ ದಾನಶೂರೆ,” ಎಂದು ಅಕ್ಕ ಟೋಪಿಯನ್ನು ಬೆರಳ ತುದಿಯಿಂದ ಸ್ವಲ್ಪ ಸರಿಮಾಡಿದಳು. ಮಗಳು ಅಮ್ಮನ ಸೆರಗು ಹಿಡಿದು ನಿಂತಿದ್ದಳು, ಸಾಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ.

ಕೊಪ್ಪಕ್ಕೆ ಬಂದು ಡಬ್ಬ ತೆರೆದರೆ ಹನ್ನೆರಡರ ಜಾಗ ಖಾಲಿ ಇರಲಿಲ್ಲ. ಮುಖ ಕರಗಿದ ಆ ಒಂದೇ ಹುಬ್ಬಿನವನನ್ನು ಮಗು ಅಲ್ಲಿ ಮಲಗಿಸಿ ಕಳಿಸಿತ್ತು. ಎತ್ತಿ ಬಿಸಾಡಲು ಹೊರಟವಳು ಒಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಸಿಟ್ಟು ಅರ್ಧಕ್ಕರ್ಧ ಹೋಗಿದೆ. ಆ ವಾರ ನೋಡಿದವರಲ್ಲೆಲ್ಲ ಇವನೊಬ್ಬ ಸ್ವಲ್ಪ ಮನುಷ್ಯನಂತೆ ಇದ್ದಾನೆ. ಇರಲಿ ಎಂದು ಡಬ್ಬದಲ್ಲೇ ಬಿಟ್ಟೆ. ಪಟ್ಟಿಗೆ ಮಾತ್ರ ಸೇರಿಸಿಲ್ಲ.