ಬಾನೆಟ್ಟಿನ ಕೆಳಗಿನ ಕೆಂಪು

ಮೊನ್ನೆ ಶುಕ್ರವಾರ ಸಂಜೆ ಕಾರಿನ ಬ್ಯಾಟರಿ ಬದಲಾಯಿಸಲೆಂದು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿದ್ದೆ. ಪಕ್ಕದ ಗ್ಯಾರೇಜಿನಲ್ಲಿ ಯಾರದೋ ಬಂಪರಿಗೆ ಬಣ್ಣ ಹೊಡೆಯುತ್ತಿದ್ದರು. ಥಿನ್ನರಿನ ವಾಸನೆ ನಿಮಗೂ ಗೊತ್ತಿರಬಹುದು. ಅದು ಮೂಗಿಗೆ ಬಡಿದರೆ ಬುದ್ಧಿ ಇರುವವರು ಕರವಸ್ತ್ರ ಹುಡುಕುತ್ತಾರೆ. ನಾನು ಇನ್ನೂ ಒಂದು ಉಸಿರು ಉದ್ದಕ್ಕೆ ಎಳೆದುಕೊಂಡೆ. ಬಸಣ್ಣ ನೆನಪಾದರು.

ಬಸಣ್ಣ ಬಾಗಲಕೋಟೆ ಕಡೆಯವರು, ಇಲ್ಲಿ ಗಲ್ಫಿನಲ್ಲಿ ಕಟ್ಟಡದ ಕಂಪನಿಯೊಂದರಲ್ಲಿ ಫೋರ್‌ಮನ್ ಆಗಿದ್ದರು. ನಾನು ಅದೇ ಕಂಪನಿಯ ಸ್ಟೋರಿನಲ್ಲಿದ್ದೆ. ನನಗಿನ್ನೂ ಮದುವೆಯಾಗದ ದಿನಗಳವು, ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ ಇಬ್ಬರಿಗೂ ಒಂದೇ ರೂಮು. ನಾನು ಕಾಪು ಕಡೆಯವ, ಮನೆಯಲ್ಲಿ ತುಳು. ಇಬ್ಬರಿಗೂ ಬರುವುದು ಕನ್ನಡವೇ ಆದರೂ ಮೊದಮೊದಲು ನಾವು ಮಾತಾಡಿಕೊಂಡದ್ದು ಹಿಂದಿಯಲ್ಲಿ. ಅವರ ಕನ್ನಡ ನನಗೆ ಜಗಳದಂತೆ ಕೇಳುತ್ತಿತ್ತು, ನನ್ನದು ಅವರಿಗೆ ಪುಸ್ತಕ ಓದಿದಂತೆ. ಒಂದು ದಿನ ನಾನು ಸಾರಿಗೆ ಬೆಲ್ಲ ಹಾಕಿದ್ದು ನೋಡಿ ಅವರು ಬೈದದ್ದು ಪೂರ್ತಿ ಅರ್ಥವಾಯಿತು. ಆಮೇಲೆ ಹಿಂದಿ ಬಿಟ್ಟೆವು.

ಅವರ ಹತ್ತಿರ ಒಂದು ಹಳೆಯ ಪಿಕಪ್ ಟ್ರಕ್ಕಿತ್ತು. ಊರಿಗೆ ಹೊರಟಿದ್ದ ಯಾರೋ ಬಿಟ್ಟುಕೊಟ್ಟದ್ದು. ಬಿಸಿಲಿಗೆ ಮೈಯೆಲ್ಲ ಬಣ್ಣಗೆಟ್ಟಿತ್ತು, ಸೀಟು ಹರಿದಿತ್ತು. ಹೀಗಿರುವಾಗ ಅವರಿಗೆ ಹಿಡಿದ ಹುಚ್ಚು ಎಂಥದು ಗೊತ್ತೇ? ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳಗಳಿಗೆ ಬಣ್ಣ ಹೊಡೆಯುವುದು! ಆ ಮುಚ್ಚಳಗಳನ್ನು ಬಿಚ್ಚಿ ಎಸೆದರೂ ಗಾಡಿ ಓಡುತ್ತದೆ.

"ಎಂತ ಬಸಣ್ಣ, ಬಾನೆಟ್ ಹಾಕಿದ್ರೆ ಮುಗೀತು. ಯಾರಿಗೆ ಕಾಣ್ತದೆ ಅದು?" ಎಂದೆ.

"ಅಕಿ ಬರ್ತಾಳ ತಮ್ಮಾ. ಬಂದಾಗ ಬಾನೆಟ್ ತಗದು ತೋರಸ್ತೀನಿ."

ಅಕಿ ಎಂದರೆ ಹೆಂಡತಿ ಗಂಗವ್ವ. ವಿಸಿಟ್ ವೀಸಾಕ್ಕೆ ಅರ್ಜಿ ಹಾಕಿದ್ದರು. ಅದು ಇವತ್ತಲ್ಲ ನಾಳೆ ಎನ್ನುತ್ತಾ ಮುಂದೆ ಹೋಗುತ್ತಲೇ ಇತ್ತು.

ಬಣ್ಣ ಕೆಂಪೇ ಆಗಬೇಕಿತ್ತು. ಬರೀ ಕೆಂಪಲ್ಲ, ಇಳಕಲ್ ಸೀರೆಯ ಸೆರಗಿನ ಕೆಂಪು. ಗಂಗವ್ವ ಮದುವೆಯ ದಿನ ಉಟ್ಟದ್ದು ಅದನ್ನಂತೆ. ಆ ಕೆಂಪಿಗಾಗಿ ನಾವು ಹತ್ತದ ಅಂಗಡಿಯಿಲ್ಲ. ಕೊನೆಗೆ ಮಲಯಾಳಿ ಅಂಗಡಿಯವನೊಬ್ಬ ಬೇಸತ್ತು, "ಭಾಯ್, ಕೆಂಪು ಎಂದರೆ ಎಲ್ಲ ಕೆಂಪೇ," ಎಂದ. ಬಸಣ್ಣ ಅವನನ್ನು ಕನಿಕರದಿಂದ ನೋಡಿದರು. "ಇಂವಗ ಲಗ್ನ ಆಗಿಲ್ಲ ಕಾಣಸ್ತೈತಿ," ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಆಗಿರಲಿಲ್ಲ. ಅವರಿಗೊಪ್ಪುವ ಕೆಂಪು ಅಂತೂ ಆ ಅಂಗಡಿಯಲ್ಲೇ ಸಿಕ್ಕಿತು.

ನಮ್ಮಿಬ್ಬರಿಗೂ ಈ ಕೆಲಸದ ಗಂಧಗಾಳಿ ಇರಲಿಲ್ಲ. ಫೋನಿನಲ್ಲಿ ವೀಡಿಯೊ ನೋಡಿ ಕಲಿತದ್ದು. ಮುಚ್ಚಳಗಳನ್ನು ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನಲ್ಲಿ ತಿಕ್ಕಿ ಎಣ್ಣೆಜಿಡ್ಡು ತೆಗೆದೆವು. ಸ್ಯಾಂಡ್ ಪೇಪರಿನಿಂದ ಉಜ್ಜಿ, ಪಾರ್ಕಿಂಗಿನ ಮೂಲೆಯಲ್ಲಿ ರಟ್ಟು ಹಾಸಿ, ಸ್ಪ್ರೇ ಡಬ್ಬಿಯಿಂದ ಕೆಂಪು ಹೊಡೆದೆವು. ಎಷ್ಟು ಚೆಂದ ಕಂಡಿತೆಂದರೆ, ನಾನೇ ಟೀ ತರುತ್ತೇನೆಂದು ಎದ್ದೆ. ಟೀ ಹಿಡಿದು ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಇಲ್ಲಿಯ ಗಾಳಿ ಬರಿಗೈಯಲ್ಲಿ ಬರುವುದಿಲ್ಲವಲ್ಲ. ಹಸಿ ಬಣ್ಣದ ಮೇಲೆಲ್ಲ ಮರಳು.

"ಬಸಣ್ಣ, ಬಂಗುಡೆ ರವಾ ಫ್ರೈ ಆಯ್ತಲ್ಲ ಮಾರಾಯ್ರೆ!"

"ಏ, ನಿನ್ನ ಮೀನು ನನ್ನ ಗಾಡ್ಯಾಗ ತರಬ್ಯಾಡ," ಎಂದರು. ಅವರು ಲಿಂಗ ಕಟ್ಟಿದವರು. ಆದರೆ ನಗುತ್ತಲೇ ಹೇಳಿದರು, ನಗುತ್ತಲೇ ಮತ್ತೆ ಸ್ಯಾಂಡ್ ಪೇಪರ್ ಕೈಗೆತ್ತಿಕೊಂಡರು.

ಮುಂದಿನ ಸಲ ಬಣ್ಣ ಸಿಪ್ಪೆಯಂತೆ ಎದ್ದುಬಂತು. ಬಣ್ಣಕ್ಕೆ ಮೊದಲು ಬಳಿಯಲು ಪ್ಲಾಸ್ಟಿಕ್ಕಿಗೆಂದೇ ಬೇರೆ ಪ್ರೈಮರ್ ಇದೆಯಂತೆ, ನಮಗೇನು ಗೊತ್ತು? ಮತ್ತೆ ಉಜ್ಜಿದೆವು. ಇಲ್ಲಿ ವಾರದ ರಜೆ ಶುಕ್ರವಾರ; ಒಂದು ಶುಕ್ರವಾರದ ಬೆನ್ನಿಗೆ ಇನ್ನೊಂದು ಶುಕ್ರವಾರ ಹೋಯಿತು. ಕೆಲವೊಮ್ಮೆ ನಾನು ಮಲಗಿಬಿಡುತ್ತಿದ್ದೆ, ಕೆಲವೊಮ್ಮೆ ಊರಿನವರ ಜೊತೆ ಕ್ರಿಕೆಟ್ಟಿಗೆ ಓಡುತ್ತಿದ್ದೆ. ಬಸಣ್ಣ ಮಾತ್ರ ಉಜ್ಜುತ್ತಾ ಕೂತಿರುತ್ತಿದ್ದರು. ನನಗೆ ಅದೊಂದು ತಮಾಷೆ. ಬೇರೆ ಏನೂ ಹೊಳೆದಿರಲಿಲ್ಲ.

ಕಡೆಗೊಮ್ಮೆ ವೀಸಾ ಬಂತು, ಗಂಗವ್ವನೂ ಬಂದರು. ಬಸಣ್ಣ ಪರಿಚಯದವರ ಫ್ಲ್ಯಾಟಿನಲ್ಲೊಂದು ಕೋಣೆ ಹಿಡಿದಿದ್ದರು. ಬಂದ ಮೊದಲ ರಜೆಯ ದಿನ ಮೂವರೂ ಪಿಕಪ್ಪಿನಲ್ಲಿ ಕೂತು ಸಮುದ್ರದಂಚಿನ ಕಾರ್ನಿಷ್‌ಗೆ ಹೋದೆವು. ನಾನು ಬರುವುದಿಲ್ಲವೆಂದರೂ ಬಿಡಲಿಲ್ಲ. ಬಣ್ಣದಲ್ಲಿ ನನ್ನದೂ ಪಾಲಿದೆಯಂತೆ. ನೀರಿನಾಚೆ ವೆಸ್ಟ್ ಬೇಯ ಗೋಪುರಗಳು ಹೊಳೆಯುತ್ತಿದ್ದವು. ಬಸಣ್ಣ ಅತ್ತ ತಿರುಗಿಯೂ ನೋಡಲಿಲ್ಲ, ಗಾಡಿ ನಿಲ್ಲಿಸಿ ನೇರ ಬಾನೆಟ್ ಎತ್ತಿದರು.

ಗಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕರು. "ಯವ್ವಾ! ಇದು ನನ್ನ ಸೀರಿ ಸೆರಗಿನ ಬಣ್ಣ ಅಲ್ರೀ? ಇಷ್ಟ ನುಣ್ಣಗ ಹೆಂಗ ಮಾಡಿದ್ರಿ?"

ಬಸಣ್ಣನಿಗೆ ಇಷ್ಟೇ ಬೇಕಿತ್ತು. ತೊಳೆದದ್ದು, ಉಜ್ಜಿದ್ದು, ಮರಳು ಅಂಟಿದ್ದು, ಸಿಪ್ಪೆ ಎದ್ದದ್ದು, ಮತ್ತೆ ಉಜ್ಜಿದ್ದು, ಎಲ್ಲವನ್ನೂ ಕೈಸನ್ನೆ ಸಮೇತ ಹೇಳಿದರು. ಅವರು ಹೇಳುತ್ತಾ ಹೋದಂತೆ ಗಂಗವ್ವನ ನಗು ಕರಗುತ್ತಾ ಬಂತು.

"ಅಂದ್ರ, ಶುಕ್ರವಾರಕ್ಕೊಮ್ಮೆ ಇದನ್ನ ತಿಕ್ಕೋಂತ ಒಬ್ಬಾವ್ರ ಕುಂದರ್ತಿದ್ರಿ?"

"ಹೂಂ ಮತ್ತ."

"ಫೋನಿನಾಗ ಗೆಳ್ಯಾರ ಜೋಡಿ ಅಡ್ಡಾಡಾಕ ಹೋಗಿದ್ನಿ, ಭಾಳ ಮಜಾ ಆತು ಅಂತಿದ್ರಲ್ಲ?"

ಬಸಣ್ಣ ನನ್ನ ಮುಖ ನೋಡಿದರು. ನಾನು ಸಮುದ್ರ ನೋಡಿದೆ. ಗಂಗವ್ವ ಆ ಕೆಂಪಿನ ಮೇಲೆ ಮೆಲ್ಲಗೆ ಅಂಗೈ ಇಟ್ಟರು, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ. "ಸಾಕು. ಊರಿಗೆ ಬರ್ರಿ," ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಬಸಣ್ಣ ಬಾನೆಟ್ ಮುಚ್ಚಲು ಬಹಳ ಹೊತ್ತು ತೆಗೆದುಕೊಂಡರು.

ವರ್ಷ ತಿರುಗುವುದರೊಳಗೆ ಅವರು ಕೆಲಸ ಖಲಾಸ್ ಮಾಡಿ ಹೊರಟೇಬಿಟ್ಟರು. ಪಿಕಪ್ ಒಬ್ಬ ಪಠಾಣನ ಪಾಲಾಯಿತು. ಈಗ ಊರಿನಲ್ಲಿ ಗಂಡ ಹೆಂಡತಿ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಫೋನು ಮಾಡಿದರೆ ಗಿರಣಿಯ ಸದ್ದೇ ಹೆಚ್ಚು ಕೇಳುತ್ತದೆ. ಅವರು ಹೋದ ಮೇಲೆ ಪಾರ್ಕಿಂಗಿನ ಆ ಮೂಲೆಯ ಕಡೆ ಹೋಗಲು ನನಗೆ ತುಂಬ ದಿನ ಮನಸ್ಸಾಗಲಿಲ್ಲ. ಆ ಬೈಗುಳವಿಲ್ಲದೆ ಸಾರಿಗೆ ಬೆಲ್ಲವೂ ರುಚಿಸಲಿಲ್ಲ.

ಆಮೇಲೆ ನನಗೂ ಮದುವೆಯಾಯಿತು. ಇಲ್ಲೇ ಅಲ್ ಥುಮಾಮಾದಲ್ಲಿ ಮನೆ ಮಾಡಿದೆವು, ಮಗಳು ಹುಟ್ಟಿ ಬೆಳೆದಳು. ಕಳೆದ ವರ್ಷ ಅವಳ ಓದಿಗೆಂದು ಹೆಂಡತಿ ಶಶಿ ಅವಳೊಂದಿಗೆ ಮಂಗಳೂರಿಗೆ ಹೋದಳು. ಅಂದಿನಿಂದ ಪ್ರತಿ ರಾತ್ರಿ ನಾನು ಫೋನಿನಲ್ಲಿ ಹೇಳುವ ಮಾತೊಂದೇ: "ಆರಾಮ ಇದ್ದೇನೆ, ಫ್ರೆಂಡ್ಸ್ ಜೊತೆ ಹೊರಗೆ ಹೋಗಿದ್ದೆ."

ಮೊನ್ನೆ ಆ ಗ್ಯಾರೇಜಿನ ಮುಂದೆ ನಿಂತೇ ಶಶಿಗೆ ಫೋನು ಮಾಡಿದೆ.

"ಎಂತ, ಇಷ್ಟೊತ್ತಿಗೆ? ಹುಷಾರುಂಟಲ್ಲ ನಿಮಗೆ?"

"ಹುಷಾರುಂಟು. ಶಶಿ, ನನಗಿಲ್ಲಿ ಯಾವ ಫ್ರೆಂಡ್ಸೂ ಇಲ್ಲ. ನೀವಿಬ್ಬರು ಹೋದ ಮೇಲೆ ಶುಕ್ರವಾರ ಕಳೆಯುವುದೇ ಕಷ್ಟ ಆಗ್ತದೆ."

ಆಚೆ ಕುಕ್ಕರ್ ಕೂಗಿತು. ಅವಳು ಒಲೆ ಆರಿಸಿದ್ದು ಕೇಳಿಸಿತು.

"ನನಗೂ ಇಲ್ಲಿ ಹಾಗೇ," ಎಂದಳು.

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ನೀವು ಅಷ್ಟು ಆರಾಮ ಇರುವಾಗ, ನಾನೊಬ್ಬಳೇ ಅಳುವುದು ಹೇಗೆ ಅಂತ."

ನಾನು ಅವಳಿಗೆ ಬಸಣ್ಣನ ಕೆಂಪಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಕಥೆ ಮುಗಿದರೂ ಫೋನಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ.