ಅತ್ತೆ ಒಣಗಿಸಿದ ಮಶೀನು

ನಾಶಿಕದಲ್ಲಿ ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಹಿಂದೆ ಒಂದಿಷ್ಟು ಅಂಗಳ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲೆತ್ತರ ಹುಲ್ಲು. ನನ್ನವರಿಗೆ ಬ್ಯಾಂಕಿನಲ್ಲಿ ಸಂಭಾಜಿನಗರಕ್ಕೆ ವರ್ಗವಾದ ಮೇಲೆ ಅವರು ಶನಿವಾರ ಬಂದು ಭಾನುವಾರ ಸಂಜೆ ಬಸ್ಸು ಹತ್ತುತ್ತಿದ್ದರು. ಹುಲ್ಲು ಕತ್ತರಿಸಲು ಆಸೆಪಟ್ಟು ಪೆಟ್ರೋಲ್ ಮಶೀನೊಂದನ್ನು ಕೊಂಡಿದ್ದರು. ಒಂದು ಭಾನುವಾರ ಬಸ್ಸಿನ ಅವಸರದಲ್ಲಿ ಅದನ್ನು ಅಂಗಳದಲ್ಲೇ ಮರೆತು ಹೋದರು, ಟ್ಯಾಂಕಿನ ಮುಚ್ಚಳವನ್ನೂ ಬಿಗಿ ಮಾಡದೆ. ಆ ರಾತ್ರಿಯೇ ಹಿಡಿದ ಮಳೆ ವಾರದ ನಡುವಿನವರೆಗೂ ಬಿಡಲಿಲ್ಲ.

ಮನೆಯಲ್ಲಿದ್ದವರು ನಾನು ಮತ್ತು ಗದಗದಿಂದ ಬಂದಿದ್ದ ಅತ್ತೆ. ಮರಾಠಿ ಬಾರದ ಅವರಿಗೆ ಇಲ್ಲಿ ಹೊತ್ತು ಹೋಗುತ್ತಿರಲಿಲ್ಲ. ನಮ್ಮಿಬ್ಬರ ಮಾತೂ ಊಟ, ಚಹಾ, ಮಾತ್ರೆಗಳಲ್ಲೇ ಮುಗಿಯುತ್ತಿತ್ತು.

ಮಳೆ ಹೊಳವಾದಾಗ ಮಶೀನನ್ನು ಮೊದಲು ಕಂಡವರು ಅತ್ತೆ. ಚಾಲೂ ಮಾಡುವ ಹಗ್ಗ ಎಳೆದು ನೋಡಿದೆ, ಸದ್ದೇ ಇಲ್ಲ. ನನ್ನವರಿಗೆ ಫೋನು ಹಚ್ಚಿದೆ.

"ಹೋತು ಬಿಡು. ಬಂದು ಗುಜರಿಗೆ ಹಾಕ್ತೀನಿ," ಎಂದರು ಸೋತ ದನಿಯಲ್ಲಿ.

ಪಕ್ಕದಲ್ಲಿದ್ದ ಅತ್ತೆಗೆ ರೇಗಿತು. "ಗುಜರಿಗೆ ಯಾಕೋ? ಮಳ್ಯಾಗ ಬಿಟ್ಟು ಹೋದಾಂವ ನೀನು. ಅದೇನ್ ತಪ್ಪು ಮಾಡೇದ?"

ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಸ್ಪಾರ್ಕ್ ಪ್ಲಗ್ ತಂದೆ. "ಆಧೀ ವಾಳವಾ, ಮಗ ಚಾಲೂ ಕರಾ," ಮೊದಲು ಒಣಗಿಸಿ, ಆಮೇಲೆ ಚಾಲೂ ಮಾಡಿ ಎಂದು ಅಂಗಡಿಯವರು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಟ್ಯಾಂಕನ್ನು ಬಾಟಲಿಗೆ ಬಗ್ಗಿಸಿದೆವು. ನೀರು ಕೆಳಗೆ, ಪೆಟ್ರೋಲ್ ಮೇಲೆ ನಿಂತಿತು. ಗಾಳಿ ಸೋಸುವ ಸ್ಪಂಜನ್ನು ತೊಳೆದು ಅತ್ತೆ ತಂತಿಯ ಮೇಲೆ ತಮ್ಮ ಕುಪ್ಪಸದ ಪಕ್ಕ ಬಟ್ಟೆಯ ಚಿಮಟಾ ಹಾಕಿ ಒಣಹಾಕಿದರು. ಹಳೇ ಪ್ಲಗ್ ಬಿಚ್ಚಿ ನಾನು ಹಗ್ಗ ಎಳೆದದ್ದೇ, ಒಳಗಿದ್ದ ನೀರು ಪಿಚಕ್ಕನೆ ಅವರ ಸೀರೆಗೆ ಹಾರಿತು.

"ಅಯ್ಯ, ಓಕುಳಿ ಆಡ್ತೀಯೇನ ನನ್ನ ಕೂಡ?"

ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಕೆಲಸದ ನಡುವೆ ತಮ್ಮ ಮಗ ಚಿಕ್ಕವನಿದ್ದಾಗ ಚಪ್ಪಲಿ, ಕೊಡೆ, ಒಮ್ಮೆ ಸೈಕಲ್ಲನ್ನೇ ಮರೆತು ಬಂದ ಕತೆಗಳನ್ನು ಹೇಳಿದರು. ದಿನವೂ ಮಶೀನನ್ನು ಬಿಸಿಲು ಸರಿದತ್ತ ತಾವೇ ಸರಿಸಿಡುತ್ತಿದ್ದರು.

ಶನಿವಾರ ನನ್ನವರು ಬಂದಾಗ ಹೊಸ ಪ್ಲಗ್ ಕೂಡಿಸಿ, ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿ ಕಾಯುತ್ತಿದ್ದೆವು. ಹಗ್ಗ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ. ಅತ್ತೆಯ ಮುಖ ಸಣ್ಣದಾಯಿತು.

"ಇನ್ನೊಮ್ಮೆ ಜಗ್ಗವಾ, ಜೋರ್‌ಲೇ."

ಬಿಳಿ ಹೊಗೆ ಉಗುಳಿ ಮಶೀನು ಗುರ್ರೆಂದಿತು. ನನ್ನವರು ಕೈ ಚಾಚಿದರೆ ಅತ್ತೆ ಅಡ್ಡ ನಿಂತರು. "ನೀ ಹೋಗಿ ಚಹಾ ಇಡು. ನಾ ನೋಡ್ತೀನಿ ಇದನ್ನ."

ಸೆರಗು ಸಿಕ್ಕಿಸಿ, ನನ್ನ ಬೂಟು ಹಾಕಿಕೊಂಡು, ನಾನೂ ಹಿಡಿಕೆಗೆ ಒಂದು ಕೈ ಕೊಟ್ಟಿರುವಾಗಲೇ ಗೋಡೆಯವರೆಗೂ ಕತ್ತರಿಸಿದರು. ಹುಲ್ಲಿನ ಜೊತೆಗೆ ನನ್ನವರು ನೆಟ್ಟಿದ್ದ ದುಂಡುಮಲ್ಲಿಗೆಯೂ ಹೋಯಿತು. ಚಹಾ ಹಿಡಿದು ಬಂದ ಅವರು ಅದನ್ನು ನೋಡಿ ಬಾಯಿ ತೆರೆದರು. ನಾನು ಕಣ್ಣಲ್ಲೇ ಗದರಿದೆ. ಅವರು ಕಪ್ಪನ್ನು ಅವ್ವನ ಕೈಗೆ ಕೊಟ್ಟರು.