ವೆಂಡೆಲ್ ಬರೆಯುವ ಅಂಕಿ

ಶನಿವಾರ ಬಂತೆಂದರೆ ವೆಂಡೆಲ್‌ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಒಂಬತ್ತು ವರ್ಷದ ಮಗಳು ಟೆಸ್ಸಾಳ ಉದ್ದ ಮೂತಿಯ ಪುಟ್ಟ ಕಾರನ್ನು ಇಂಡಿಯಾನಾದಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ನೇರ ದಾರಿಯಲ್ಲಿ ಕಾರು ಓಡಿಸುವ ಡ್ರ್ಯಾಗ್ ರೇಸ್ ಮೈದಾನಕ್ಕೆ ತಂದಿಳಿಸಿದವನೇ ಗಾಳಿಗೆ ಬೆರಳೊಡ್ಡುತ್ತಾನೆ, ಹೆಂಚು ಕಾದಿದೆಯೇ ಎಂದು ನೋಡುವವರಂತೆ ಡಾಂಬರಿನ ಮೇಲೆ ಅಂಗೈ ಇಡುತ್ತಾನೆ, ಹಾಟ್‌ಡಾಗ್ ತಿನ್ನುತ್ತಿರುವ ಹೊಸದಾಗಿ ಬಂದ ಅಪ್ಪಂದಿರನ್ನು ಹಿಡಿದು ನಿಲ್ಲಿಸಿ, "ಓಡ್ಸೋದು ಆಮೇಲೆ ಕಲ್ಸಿ ಸ್ವಾಮಿ, ಮೊದ್ಲು ನಿಲ್ಸೋದು ಕಲ್ಸಿ!" ಎಂದು ಪಾಠ ಮಾಡುತ್ತಾನೆ. ಮಗಳ ಬೆಲ್ಟನ್ನು ಮೂರು ಸಲ ಜಗ್ಗುತ್ತಾನೆ. "ಅಪ್ಪಾ, ಉಸಿರಾಡೋಕಾದ್ರೂ ಜಾಗ ಬಿಡು!" ಎಂದು ಅವಳು ಹೆಲ್ಮೆಟ್ಟಿನೊಳಗಿಂದಲೇ ಗೊಣಗುತ್ತಾಳೆ. ಹಸಿರು ದೀಪ ಹತ್ತಿದರೆ ಕಾರಿನ ಹಿಂದೆ ತಾನೂ ನಾಲ್ಕು ಹೆಜ್ಜೆ ಓಡುತ್ತಾನೆ. ಇದೆಲ್ಲ ಹೆಂಡತಿ ಕೊರಿನ್‌ಗೆ ಅರ್ಥವಾಗುತ್ತದೆ, ಅರ್ಥವಾಗದ್ದು ಒಂದೇ. ಎಷ್ಟು ಸೆಕೆಂಡಿನಲ್ಲಿ ಕೊನೆಯ ಗೆರೆ ಮುಟ್ಟುತ್ತೇವೆಂದು ಓಟಕ್ಕೆ ಮೊದಲೇ ಕಾರಿನ ಮೇಲೆ ಬರೆಯಬೇಕು, ಅದಕ್ಕಿಂತ ಬೇಗ ಮುಟ್ಟಿದರೆ ಸೋಲು. ಹನ್ನೆರಡರಲ್ಲಿ ಮುಟ್ಟುವ ಕಾರಿಗೆ ಈ ಮನುಷ್ಯ ಪ್ರತಿ ಸಲವೂ ಹನ್ನೆರಡೂವರೆ ಎಂದೇ ಬರೆಯುತ್ತಾನೆ. ಹುಡುಗಿ ಗೆರೆಯ ಹತ್ತಿರ ಬ್ರೇಕ್ ಒತ್ತಲೇಬೇಕು. ಕೇಳಿದರೆ, "ಇವತ್ತು ಗಾಳಿ ಸರಿ ಇಲ್ಲ ಕಣೇ" ಎನ್ನುತ್ತಾನೆ. ಎದುರಾಳಿಗಳನ್ನು ಏಮಾರಿಸುವ ಗುಳ್ಳೆನರಿ ಎಂದು ಪಕ್ಕದವರು ಮಾತಾಡಿಕೊಳ್ಳುತ್ತಾರೆ. ಈ ಶನಿವಾರ ಫೈನಲ್. ವೆಂಡೆಲ್ ಟೈರಿನ ಗಾಳಿ ನೋಡುತ್ತಿದ್ದಾಗ ಕೊರಿನ್ ಅಂಕಿ ಬರೆಯುವ ಬಿಳಿ ಪಾಲಿಶ್ ಬಾಟಲಿಯನ್ನು ಮಗಳ ಕೈಗೇ ಕೊಟ್ಟಳು: "ನಿಜವಾದ್ದು ಬರಿ ಪುಟ್ಟಿ. ಓಟ ನಿಂದು." ಟೆಸ್ಸಾ ಹನ್ನೆರಡೂವರೆ ಎಂದೇ ಬರೆದಳು. "ಇರ್ಲಿ ಬಿಡಮ್ಮಾ," ಎಂದಳು ಮೆಲ್ಲಗೆ, "ಗೆರೆ ದಾಟೋಕೆ ಮೊದ್ಲೇ ಬ್ರೇಕ್ ಹಿಡಿಯತ್ತೆ ಅಂತ ಅಪ್ಪನಿಗೆ ಕಾಣ್ಬೇಕಲ್ಲ."